ಪೈಕ್ ಆಗಲಿ, ಕಾಟ್ಲಾ ಆಗಲಿ: ಮುಳ್ಳು ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು

ಕೆಲಸಕ್ಕೆಂದು ಸ್ವೀಡನ್, ಫಿನ್ಲೆಂಡ್, ಜರ್ಮನಿ ಕಡೆ ಹೋದ ಬೆಂಗಳೂರಿನವರಿಗೆ ಒಂದಲ್ಲ ಒಂದು ದಿನ ಪೈಕ್ ಮೀನು ಎದುರಾಗುತ್ತದೆ. ಅಂಗಡಿಯ ಐಸ್ ಮೇಲೆ ಉದ್ದಕ್ಕೆ ಮಲಗಿರುತ್ತದೆ. ಹಸಿರು ಮೈ, ಮೇಲೆಲ್ಲ ತಿಳಿ ಚುಕ್ಕೆ, ಚಪ್ಪಟೆ ಮೂತಿ, ಬಾಯ್ತುಂಬ ಹಲ್ಲು. ಸಿಹಿನೀರಿನ ಮೀನು, ತಾಜಾ ಇದೆ, ಮಾಂಸವೂ ಬೆಳ್ಳಗಿದೆ. ಸಾರಿಗೆ ಚೆನ್ನಾಗಿರುತ್ತೆ ಅಂತ ತಂದು, ಕುದಿಸಿ, ತಟ್ಟೆಗೆ ಹಾಕಿಕೊಂಡ ಮೇಲೆ ವಿಷಯ ಗೊತ್ತಾಗುತ್ತದೆ. ತುತ್ತು ತುತ್ತಿಗೂ ಮುಳ್ಳು.

ಆಮೇಲೆ ಊರಿಗೆ ಫೋನು. "ಇಲ್ಲಿಯ ಮೀನು ತಿನ್ನೋಕೇ ಆಗಲ್ಲ ಅಮ್ಮ." ಅಮ್ಮನಿಗೆ ಇದೇನು ಹೊಸ ಮಾತಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದಲೋ ಮಡಿವಾಳದಿಂದಲೋ ಕಾಟ್ಲಾ ತಂದಾಗಲೆಲ್ಲ ಮನೆಯಲ್ಲಿ ಮಕ್ಕಳು ಹಾಡುವ ರಾಗವೂ ಇದೇ. "ಕೆರೆ ಮೀನು ಬೇಡ, ಬರೀ ಮುಳ್ಳು. ಅಂಜಲ್ ತನ್ನಿ."

ಪೈಕ್‌ಗೂ ಕಾಟ್ಲಾಗೂ ಹತ್ತಿರದ ನೆಂಟಸ್ತಿಕೆ ಏನಿಲ್ಲ. ಒಂದು ಚಳಿ ದೇಶದ ಬೇಟೆಗಾರ, ಇನ್ನೊಂದು ನಮ್ಮ ಕೆರೆಯಲ್ಲಿ ನೀರಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಸಾಧು. ಆದರೂ ಎರಡರ ಮಾಂಸದೊಳಗೆ ಇರುವುದು ಒಂದೇ ಬಗೆಯ ಮುಳ್ಳು. ಅದು ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿ ಬಿದ್ದಿರುವುದಿಲ್ಲ. ಅದಕ್ಕೆ ಜಾಗ ಇದೆ, ಸಾಲು ಇದೆ. ಆ ಜಾಗ ತಿಳಿದರೆ ಕತ್ತರಿಸುವುದು, ಬೇಯಿಸುವುದು, ತಿನ್ನುವುದು ಮೂರೂ ಸುಲಭ.

ಮೊದಲು ಪೈಕ್ ಯಾರು ಅಂತ ನೋಡೋಣ. ಇದರ ವೈಜ್ಞಾನಿಕ ಹೆಸರು ಈಸಾಕ್ಸ್ ಲೂಸಿಯಸ್. ಯುರೋಪ್, ಉತ್ತರ ಅಮೆರಿಕ, ಏಷ್ಯಾದ ಉತ್ತರ ಭಾಗದ ಕೆರೆ-ನದಿಗಳಲ್ಲಿದೆ. ಭಾರತದಲ್ಲಿ ಇಲ್ಲ. ಒಂದು ಮೀಟರಿಗಿಂತ ಉದ್ದ, 20 ಕಿಲೋಗಿಂತ ಜಾಸ್ತಿ ತೂಕಕ್ಕೂ ಬೆಳೆಯಬಲ್ಲದು. ಕಳೆ ಬೆಳೆದ ನೀರಿನಲ್ಲಿ ಅಲುಗಾಡದೆ ಕಾದು ನಿಂತಿದ್ದು, ಬೇಟೆ ಹತ್ತಿರ ಬಂದ ಕೂಡಲೇ ಒಂದೇ ನೆಗೆತಕ್ಕೆ ಹಿಡಿಯುತ್ತದೆ. ಆ ನೆಗೆತಕ್ಕಾಗಿಯೇ ಬೆನ್ನಿನ ರೆಕ್ಕೆ ತೀರಾ ಹಿಂದೆ, ಬಾಲದ ಹತ್ತಿರ ಇದೆ. ಮೈಯೆಲ್ಲ ಬಿಳಿ ಸ್ನಾಯು. ಕೊಬ್ಬು 100 ಗ್ರಾಂ ಮಾಂಸಕ್ಕೆ ಒಂದು ಗ್ರಾಂ ಕೂಡ ಇರುವುದಿಲ್ಲ. ಅದಕ್ಕೇ ಸ್ವಲ್ಪ ಜಾಸ್ತಿ ಬೆಂದರೂ ಒಣಗಿ ನಾರಾಗುತ್ತದೆ. ಫ್ರಾನ್ಸಿನ ಲೊವಾರ್ ನದಿ ಕಡೆಯವರು ಪೈಕ್ ಮೇಲೆ ಬೆಣ್ಣೆಯ ಸಾಸ್ ಸುರಿದು ತಿನ್ನುವುದು ಸುಮ್ನೆ ಅಲ್ಲ. ಮೀನಿನಲ್ಲಿ ಇಲ್ಲದ ಕೊಬ್ಬನ್ನು ಹೊರಗಿಂದ ಕೊಡುತ್ತಾರೆ, ಅಷ್ಟೇ.

ಅಲ್ಲಿ ಇರುವವರಿಗೆ ಒಂದು ಕಿವಿಮಾತು. ಅಂಗಡಿಯ ಚೀಟಿಯಲ್ಲಿ ಫಿನ್ಲೆಂಡಿನಲ್ಲಿ ಹೌಕಿ, ಜರ್ಮನಿಯಲ್ಲಿ ಹೆಖ್ಟ್, ಫ್ರಾನ್ಸಿನಲ್ಲಿ ಬ್ರೋಶೆ ಅಂತ ಇದ್ದರೆ ಅದು ಪೈಕ್. ಪಕ್ಕದಲ್ಲೇ ತ್ಸಾಂಡರ್ ಅನ್ನುವ ಮೀನೂ ಇರಬಹುದು. ನೋಡಲು ಸ್ವಲ್ಪ ಹಾಗೇ ಉದ್ದಕ್ಕಿದ್ದರೂ ಅದು ಬೇರೆ ಕುಲ, ಪೈಕ್‌ನ ಕವಲು ಮುಳ್ಳು ಅದಕ್ಕಿಲ್ಲ. ಬೆಲೆ ಸಾಮಾನ್ಯವಾಗಿ ಜಾಸ್ತಿ. ಮುಳ್ಳಿನ ತಂಟೆಯೇ ಬೇಡ ಅನ್ನುವವರು ಅದನ್ನೇ ತರಲಿ.

ಈ ಮುಳ್ಳು ಯಾವುದು?

ಎಲ್ಲ ಮೀನಿಗೂ ನಡುಮುಳ್ಳು ಇದೆ, ಅದಕ್ಕೆ ಅಂಟಿದ ಪಕ್ಕೆಮುಳ್ಳು ಇದೆ. ಇವು ತೊಂದರೆ ಕೊಡುವುದಿಲ್ಲ. ದಪ್ಪಗಿರುತ್ತವೆ, ಕಣ್ಣಿಗೆ ಕಾಣುತ್ತವೆ, ಎಳೆದರೆ ಸಾಲಾಗಿ ಬರುತ್ತವೆ. ತೊಂದರೆ ಕೊಡುವುದು ಮೂರನೇ ಬಗೆ. ಇವು ನಡುಮುಳ್ಳಿಗೆ ಕಚ್ಚಿಕೊಂಡಿರುವುದಿಲ್ಲ. ಮಾಂಸದ ಒಳಗೇ ಬೇರೆ ಬೇರೆಯಾಗಿ ಕೂತಿರುತ್ತವೆ. ಸೂಜಿಯಷ್ಟು ಸಣ್ಣ. ಎಷ್ಟೋ ಮುಳ್ಳುಗಳ ತುದಿ ಕವೆಗೋಲಿನ ಹಾಗೆ ಎರಡಾಗಿ ಸೀಳಿರುತ್ತದೆ. ಇಂಗ್ಲಿಷಿನ ವೈ ಅಕ್ಷರದ ಆಕಾರ ಅಂತ ಇವನ್ನು ವೈ ಮುಳ್ಳು ಅನ್ನುತ್ತಾರೆ. ಕವಲು ಇರುವುದರಿಂದಲೇ ಎಳೆದರೆ ಸಲೀಸಾಗಿ ಬರುವುದಿಲ್ಲ, ಗಂಟಲಿಗೆ ಸಿಕ್ಕಿದರೆ ಸುಲಭಕ್ಕೆ ಬಿಡುವುದೂ ಇಲ್ಲ.

ಬೆಂದ ಮೀನನ್ನು ಬೆರಳಲ್ಲಿ ಒತ್ತಿದರೆ ಮಾಂಸ ಪದರ ಪದರವಾಗಿ ಬಿಡುತ್ತದೆ, ನೋಡಿದ್ದೀರಲ್ವಾ? ಒಂದೊಂದು ಪದರವೂ ಒಂದೊಂದು ಸ್ನಾಯು. ಎರಡು ಪದರಗಳ ನಡುವೆ ತೆಳ್ಳನೆಯ ಪೊರೆ ಇದೆ. ಈ ಮುಳ್ಳು ಹುಟ್ಟುವುದೇ ಆ ಪೊರೆಯಲ್ಲಿ. ಮೊಟ್ಟೆಯಿಂದ ಆಗ ತಾನೆ ಹೊರಬಂದ ಮರಿಗೆ ಇದು ಇರುವುದಿಲ್ಲ. ಮರಿ ಈಜುತ್ತಾ ಬೆಳೆದ ಹಾಗೆ ಪೊರೆಯ ನಾರು ಅಲ್ಲಲ್ಲಿ ಗಟ್ಟಿಯಾಗಿ ಮುಳ್ಳಾಗುತ್ತದೆ. ಬೇರೆ ಎಷ್ಟೋ ಎಲುಬುಗಳ ಹಾಗೆ ಮೊದಲು ಮೆದು ಎಲುಬಾಗಿ ಆಮೇಲೆ ಗಟ್ಟಿಯಾಗುವ ಹಂತ ಇದಕ್ಕಿಲ್ಲ. ಬಾಲ ಬಡಿಯುವಾಗ ಸ್ನಾಯುವಿನ ಬಲವನ್ನು ಮೈಯುದ್ದಕ್ಕೂ ಸಾಗಿಸಲು, ಮೈಯನ್ನು ಬಿಗಿಯಾಗಿ ಹಿಡಿದಿಡಲು ಇವು ನೆರವಾಗುತ್ತವೆ ಅನ್ನುವುದು ವಿಜ್ಞಾನಿಗಳ ವಿವರಣೆ.

ಇದರಿಂದ ಅಡುಗೆಮನೆಗೆ ಬೇಕಾದ ಎರಡು ಮಾತು ಸಿಗುತ್ತವೆ. ಒಂದು, ಮುಳ್ಳು ಮಾಂಸದ ಪದರದ ಒಳಗಲ್ಲ, ಪದರಗಳ ನಡುವೆ ಇದೆ. ಪೊರೆ ಕರಗುವಷ್ಟು ಬೆಂದರೆ ಪದರ ಬಿಡುತ್ತದೆ, ಮುಳ್ಳೂ ಕಾಣುತ್ತದೆ. ಅರೆಬೆಂದ ಮೀನಿನಲ್ಲಿ ಮುಳ್ಳು ಹುಡುಕುವುದು ಅದಕ್ಕೇ ಕಷ್ಟ. ಎರಡು, ಮೀನು ದೊಡ್ಡದಾದರೆ ಮುಳ್ಳಿನ ಸಂಖ್ಯೆ ಜಾಸ್ತಿಯಾಗುವುದಿಲ್ಲ, ಮುಳ್ಳು ದಪ್ಪವಾಗುತ್ತದೆ. ಕಾಟ್ಲಾದ ಕುಲದ್ದೇ ಆದ ಸಾಮಾನ್ಯ ಗೆಂಡೆಯಲ್ಲಿ (ಕಾಮನ್ ಕಾರ್ಪ್) ಇಂಥ ಮುಳ್ಳು ಸುಮಾರು 100 ಇರುತ್ತವೆ. ಅರ್ಧ ಕಿಲೋ ಮೀನಿಗೂ ಅಷ್ಟೇ, ನಾಲ್ಕು ಕಿಲೋ ಮೀನಿಗೂ ಅಷ್ಟೇ. ಅರ್ಧ ಕಿಲೋ ಮೀನಿನಲ್ಲಿ ಅವು ಕೂದಲೆಳೆ, ನಾಲ್ಕು ಕಿಲೋ ಮೀನಿನಲ್ಲಿ ಕೈಗೆ ಸಿಗುವ ಕಡ್ಡಿ. "ಚಿಕ್ಕ ಮೀನು ಎಳೆಯದು, ಮುಳ್ಳು ಕಡಿಮೆ" ಅಂತ ಮುಕ್ಕಾಲು ಕಿಲೋದ ಕಾಟ್ಲಾ ತರುವವರು ನನ್ನ ಪ್ರಕಾರ ತಾವಾಗಿಯೇ ಕಷ್ಟ ಕೊಂಡು ತರುತ್ತಾರೆ. ಎರಡು ಕಿಲೋ ದಾಟಿದ ಮೀನಿನಲ್ಲಿ ಅರ್ಧ ಸಾಕು ಅಂತ ಕೇಳಿ. ಕೊಡುತ್ತಾರೆ.

ಎಲ್ಲ ಮೀನಿಗೂ ಈ ಮುಳ್ಳಿಲ್ಲ. ಗೆಂಡೆ ಕುಲ, ಪೈಕ್, ಬೂತಾಯಿ ಮತ್ತು ಅದರ ನೆಂಟನಾದ ಹಿಲ್ಸಾ, ಇಂಥ ಹಳೆಯ ಕುಲಗಳಲ್ಲಿ ಜಾಸ್ತಿ. ವಿಕಾಸದ ಹಾದಿಯಲ್ಲಿ ಆಮೇಲೆ ಬಂದ ಮುಳ್ಳುರೆಕ್ಕೆಯ ಮೀನುಗಳಲ್ಲಿ ಇವು ಕಡಿಮೆಯಾಗಿವೆ ಅಥವಾ ಇಲ್ಲವೇ ಇಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಜಿಲೇಬಿ ಅಂತ ಮಾರುವ ತಿಲಾಪಿಯಾ, ಟಬ್ಬಿನಲ್ಲಿ ಜೀವಂತ ಇಟ್ಟು ಮಾರುವ ಕೊರಮೀನು, ಹೋಟೆಲಿನವರು ಇಷ್ಟಪಡುವ ಬಾಸಾ, ಇವುಗಳಲ್ಲಿ ನಡುಮುಳ್ಳು, ಪಕ್ಕೆಮುಳ್ಳು ತೆಗೆದರೆ ಮುಗಿಯಿತು. ಕೊರಮೀನಿನ ಬೆಲೆ ಅಷ್ಟು ಏರಿರುವುದಕ್ಕೆ ರುಚಿಯ ಜೊತೆ ಇದೂ ಒಂದು ಕಾರಣ.

ಹಾಗಾದರೆ ನಮ್ಮಲ್ಲಿ ಕಾಟ್ಲಾ, ರೋಹು, ಮೃಗಾಲ್ ಯಾಕೆ ಇಷ್ಟು? ಈ ಮೂರೂ ಗೆಂಡೆ ಕುಲದವು. ಹರಿಯುವ ನದಿಯಲ್ಲಿ ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನುಗಳು. ಕೆರೆಯ ನಿಂತ ನೀರಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸಿದರು. ಆಮೇಲೆ ಮರಿ ಬೇಕಾದಷ್ಟು ಸಿಕ್ಕಿತು, ದೇಶದ ಕೆರೆಗಳಿಗೆಲ್ಲ ಬಿತ್ತು. ಜುಲೈ 10 ಇವತ್ತಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನ. ಮೂರೂ ಒಂದೇ ಕೆರೆಯಲ್ಲಿ ಜಗಳವಿಲ್ಲದೆ ಬೆಳೆಯುತ್ತವೆ. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಸಾಕುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಮುಳ್ಳು ತಿನ್ನುವವರ ಪಾಲಿಗೆ ಬಂತು.

ಯಾವ ಜಾಗದಲ್ಲಿ ಎಷ್ಟು

ಪೈಕ್‌ನಲ್ಲಿ ವೈ ಮುಳ್ಳಿನ ಸಾಲು ತಲೆಯ ಹಿಂದೆ ಶುರುವಾಗಿ ಬೆನ್ನಿನ ರೆಕ್ಕೆಯ ಹತ್ತಿರ ಮುಗಿಯುತ್ತದೆ. ರೆಕ್ಕೆ ಹಿಂದೆ ಇರುವುದರಿಂದ ಸಾಲು ಉದ್ದವಾಗಿಯೇ ಇದೆ. ಆದರೆ ಸಾಲಿನ ಮೇಲೆ, ಬೆನ್ನಿನ ನೆತ್ತಿಯಲ್ಲಿ, ಮುಳ್ಳಿಲ್ಲದ ಮಾಂಸದ ಒಂದು ಪಟ್ಟಿ ಇದೆ. ಸಾಲಿನ ಕೆಳಗೆ, ಪಕ್ಕೆಯ ಮೇಲೆ, ಎರಡು ಕಡೆಯೂ ಒಂದೊಂದು ಪಟ್ಟಿ. ರೆಕ್ಕೆಯ ಹಿಂದೆ ಬಾಲದ ಭಾಗದಲ್ಲಿ ಎರಡು ತುಂಡು. ಒಟ್ಟು ಐದು. ಅಮೆರಿಕದ ಗಾಳಗಾರರು ಪೈಕ್ ಕತ್ತರಿಸುವುದು ಹೀಗೆ. ಮೊದಲು ನೆತ್ತಿಯ ಪಟ್ಟಿಯನ್ನು ಚಪ್ಪಟೆಯಾಗಿ ಸೀಳುತ್ತಾರೆ. ಆಗ ಕೊಯ್ದ ಜಾಗದಲ್ಲಿ ಎರಡು ಸಾಲು ಚುಕ್ಕೆ ಕಾಣುತ್ತವೆ, ಕೈಯಾಡಿಸಿದರೆ ಒರಟಾಗಿ ಸಿಗುತ್ತವೆ. ಅವೇ ವೈ ಮುಳ್ಳಿನ ತುದಿಗಳು. ಆ ಚುಕ್ಕೆಗಳ ಹೊರಗೆ ಚಾಕು ಇಟ್ಟು, ಮುಳ್ಳಿನ ಓರೆಗೆ ತಕ್ಕ ಹಾಗೆ ಇಳಿಸಿದರೆ ಪಕ್ಕದ ಪಟ್ಟಿಗಳು ಬರುತ್ತವೆ. ಸ್ವಲ್ಪ ಮಾಂಸ ಮುಳ್ಳಿನ ಜೊತೆ ಉಳಿಯುತ್ತದೆ. ಅದನ್ನು ಎಸೆಯಬೇಡಿ, ತಲೆಯ ಜೊತೆ ಸಾರಿಗೆ ಹಾಕಿ ಸೋಸಿಕೊಳ್ಳಿ.

ಕಾಟ್ಲಾದ ಲೆಕ್ಕ ಸ್ವಲ್ಪ ಬೇರೆ. ಹೊಟ್ಟೆಯ ಭಾಗದಲ್ಲಿ ಬರೀ ಪಕ್ಕೆಮುಳ್ಳು, ದಪ್ಪ ದಪ್ಪ, ಎಳೆದರೆ ಬರುತ್ತವೆ. ಬೆನ್ನಿನ ಭಾಗದಲ್ಲಿ ತಲೆಯಿಂದ ಬಾಲದವರೆಗೂ ವೈ ಮುಳ್ಳಿದೆ. ಹೊಟ್ಟೆ ಮುಗಿದು ಬಾಲ ಶುರುವಾದ ಮೇಲೆ ಕೆಳಭಾಗದಲ್ಲೂ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ. ಅಂದರೆ ಪೈಕ್‌ನಲ್ಲಿ ಬಾಲ ಎಲ್ಲಕ್ಕಿಂತ ಸುಲಭದ ತುಂಡು, ಕಾಟ್ಲಾದಲ್ಲಿ ಬಾಲವೇ ಎಲ್ಲಕ್ಕಿಂತ ಕಷ್ಟದ ತುಂಡು. ಮಕ್ಕಳ ತಟ್ಟೆಗೆ "ಚಿಕ್ಕ ಪೀಸು ಸಾಕು" ಅಂತ ಬಾಲದ ತುಂಡು ಹಾಕುವುದು ನಮ್ಮ ಎಷ್ಟೋ ಮನೆಗಳ ಅಭ್ಯಾಸ. ತೀರಾ ತಲೆಕೆಳಗು. ಮಕ್ಕಳಿಗೆ ಹೊಟ್ಟೆಯ ತುಂಡು ಕೊಡಿ, ಬಾಲ ಅಪ್ಪ ತಿನ್ನಲಿ.

ಮಾರ್ಕೆಟ್ಟಿನಲ್ಲಿ ಕತ್ತರಿಸುವವರು ಸಾಮಾನ್ಯವಾಗಿ ಕೇಳುವುದು ಒಂದೇ: "ಸ್ಲೈಸಾ, ಕರಿ ಪೀಸಾ?" ಹುರುಪೆ ಕೆರೆದು, ಕಿವಿರು ಕಿತ್ತು, ಮರದ ಕೊರಡಿನ ಮೇಲೆ ಅಡ್ಡಡ್ಡ ಟಕಟಕ ಹೊಡೆದು ಕವರಿಗೆ ತುಂಬುತ್ತಾರೆ. ಅಡ್ಡ ಹೊಡೆದಾಗ ಬೆನ್ನು, ಹೊಟ್ಟೆ ಎರಡೂ ಒಂದೇ ತುಂಡಿನಲ್ಲಿ ಬರುತ್ತವೆ. ತೆಳ್ಳಗೆ ಹೊಡೆದರೆ ಉದ್ದ ಮುಳ್ಳು ನಡುವೆ ತುಂಡಾಗುತ್ತದೆ, ಒಂದು ಮುಳ್ಳು ಎರಡಾಗುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ: "ಅಣ್ಣಾ, ಉದ್ದಕ್ಕೆ ಸೀಳಿ ಬೆನ್ನು ಬೇರೆ, ಹೊಟ್ಟೆ ಬೇರೆ ಮಾಡಿ. ಆಮೇಲೆ ದಪ್ಪ ಪೀಸ್ ಹಾಕಿ." ಭಾನುವಾರ ಬೆಳಗ್ಗೆ ರಶ್ಶಿನಲ್ಲಿ ಹೇಳಿದರೆ ಮುಖ ಗಂಟಿಕ್ಕಬಹುದು. ವಾರದ ಮಧ್ಯೆ ಹೋದರೆ ಖುಷಿಯಿಂದಲೇ ಮಾಡಿಕೊಡುತ್ತಾರೆ. ಬಂಗಾಳಿಗಳು ಮೀನು ಕೊಳ್ಳುವ ಅಂಗಡಿಗಳಲ್ಲಿ ಹೇಳುವ ಅಗತ್ಯವೂ ಬೀಳದು. ಅವರಿಗೆ ಬೆನ್ನಿನ ತುಂಡು, ಹೊಟ್ಟೆಯ ತುಂಡು ಬೇರೆ ಬೇರೆ ಅನ್ನುವುದು ಹುಟ್ಟಿನಿಂದ ಗೊತ್ತು.

ಮುಳ್ಳನ್ನು ಮಣಿಸುವ ದಾರಿಗಳು

ಮುಳ್ಳು ಎರಡು ವಸ್ತುಗಳಿಂದ ಆಗಿದೆ. ಕ್ಯಾಲ್ಸಿಯಂ ಫಾಸ್ಫೇಟ್ ಅನ್ನುವ ಲವಣ ಅದಕ್ಕೆ ಗಡಸುತನ ಕೊಡುತ್ತದೆ. ಕೊಲಾಜೆನ್ ಅನ್ನುವ ಪ್ರೋಟೀನು ಅದನ್ನು ಹಿಡಿದು ಕಟ್ಟಿರುತ್ತದೆ. ಎರಡರಲ್ಲಿ ಒಂದನ್ನು ತೆಗೆದರೂ ಮುಳ್ಳು ಮುಳ್ಳಾಗಿ ಉಳಿಯುವುದಿಲ್ಲ. ಲೋಕದ ಅಡುಗೆಯವರು ಇದನ್ನು ರಸಾಯನಶಾಸ್ತ್ರ ಓದದೆಯೇ ಕಂಡುಕೊಂಡರು.

ಹುಳಿ ಲವಣವನ್ನು ಕರಗಿಸುತ್ತದೆ. ಅಮೆರಿಕದ ಮಿನೆಸೋಟ ಕಡೆ ಪೈಕ್ ತುಂಡುಗಳನ್ನು ಮೊದಲು ಉಪ್ಪುನೀರಲ್ಲಿ, ಆಮೇಲೆ ವಿನೆಗರ್‌ನಲ್ಲಿ ದಿನಗಟ್ಟಲೆ ಇಟ್ಟು ಉಪ್ಪಿನಕಾಯಿ ಮಾಡುತ್ತಾರೆ. ಲವಣ ಹೋಗಿ ಮುಳ್ಳು ಮೆತ್ತಗಾಗುತ್ತದೆ, ಮಾಂಸದ ಜೊತೆಯೇ ಅಗಿದು ತಿನ್ನಬಹುದು. ನಮ್ಮ ಹುಣಸೆಹುಳಿ ಇದೇ ಕೆಲಸ ಮಾಡೀತೇ? ಅರ್ಧ ಗಂಟೆಯ ಸಾರಿನಲ್ಲಿ ಇಲ್ಲ. ಹುಳಿಯ ಕಟು ಕಡಿಮೆ, ಸಮಯವೂ ಕಡಿಮೆ. ಹುಳಿ ಹಾಕಿದರೆ ಮುಳ್ಳು ಕರಗುತ್ತೆ ಅನ್ನುವ ಮಾತನ್ನು ನಂಬಿ ಮೈಮರೆಯಬೇಡಿ.

ಬಿಸಿ ನೀರು ಕೊಲಾಜೆನ್ ಕರಗಿಸುತ್ತದೆ. ಆಗ ಉಳಿಯುವುದು ಬರೀ ಲವಣ, ಒತ್ತಿದರೆ ಪುಡಿ. ಡಬ್ಬಿಯ ಬೂತಾಯಿಯನ್ನು ಮುಳ್ಳಿನ ಸಮೇತ ತಿನ್ನುವುದು ಇದರಿಂದಲೇ. ಡಬ್ಬಿಯನ್ನು ಮುಚ್ಚಿದ ಮೇಲೆ ಸುಮಾರು 120 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ. ತೆರೆದ ಪಾತ್ರೆಯಲ್ಲಿ ಆ ಬಿಸಿ ಬರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಗೇ. ಕುಕ್ಕರಿನಲ್ಲಿ ಮಾತ್ರ ಡಬ್ಬಿಯ ಬಿಸಿಗೆ ಹತ್ತಿರ ಹೋಗಬಹುದು. ಚಿಕ್ಕ ಗೆಂಡೆಯನ್ನು ಮಸಾಲೆ, ಹುಳಿ, ಸ್ವಲ್ಪ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕುಕ್ಕರಿನಲ್ಲಿಟ್ಟರೆ ಸಣ್ಣ ಮುಳ್ಳೆಲ್ಲ ಮೆತ್ತಗಾಗುತ್ತವೆ. ನೀರು ಆರದಂತೆ ನೋಡಿಕೊಳ್ಳಿ. ಮೀನು ತುಂಡಾಗಿ ಉಳಿಯುವುದಿಲ್ಲ, ಅನ್ನಕ್ಕೆ ಕಲಸುವ ಗೊಜ್ಜಾಗುತ್ತದೆ. ನನಗೆ ಇದು ಇಷ್ಟ. ಮೀನು ಮೀನಿನ ಹಾಗೆ ಕಾಣಬೇಕು ಅನ್ನುವವರಿಗೆ ಆಗದು.

ಮೂರನೆಯದು ಎಣ್ಣೆ. ಇದರಲ್ಲಿ ಏನೂ ಕರಗುವುದಿಲ್ಲ. ಮುಳ್ಳನ್ನು ಚೂರು ಚೂರು ಕತ್ತರಿಸಿ, ಗರಿಗರಿ ಮಾಡಿ, ಅಗಿದುಬಿಡುವುದು. ಬೆನ್ನಿನ ಮಾಂಸವನ್ನು ಚರ್ಮದ ಸಮೇತ ನಡುಮುಳ್ಳಿನಿಂದ ಬಿಡಿಸಿ. ಚರ್ಮ ಕೆಳಗಿರುವಂತೆ ಹಲಗೆ ಮೇಲೆ ಇಡಿ. ಹರಿತವಾದ ಚಾಕುವಿನಲ್ಲಿ ಅಡ್ಡಡ್ಡ ಗೀರುತ್ತಾ ಹೋಗಿ, ಮೂರು ಮಿಲಿಮೀಟರಿಗೊಂದು ಗೀರು. ಚಾಕು ಚರ್ಮದವರೆಗೆ ಇಳಿಯಬೇಕು, ಚರ್ಮ ತುಂಡಾಗಬಾರದು. ಮುಳ್ಳು ಕತ್ತರಿಸುವಾಗ ಕರ್ ಕರ್ ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದು ಬಂದರೆ ಕೆಲಸ ಸರಿಯಾಗಿದೆ ಅಂತ ಅರ್ಥ. ಉಪ್ಪು, ಅಚ್ಚಖಾರದ ಪುಡಿ, ನಿಂಬೆರಸ, ಬೆಳ್ಳುಳ್ಳಿ ಹಚ್ಚಿ, ಗೀರುಗಳ ಒಳಗೂ ಹೋಗುವಂತೆ ಅಕ್ಕಿಹಿಟ್ಟು ಉದುರಿಸಿ, ಮುಳುಗುವಷ್ಟು ಎಣ್ಣೆಯಲ್ಲಿ ಕರಿಯಿರಿ. ತವಾ ಫ್ರೈಗೆ ಈ ಉಪಾಯ ನಡೆಯುವುದಿಲ್ಲ. ಎಣ್ಣೆ ಗೀರಿನ ತಳಕ್ಕೆ ಇಳಿದರೇನೇ ಮುಳ್ಳು ಗರಿಯಾಗುವುದು. ಅಮೆರಿಕದಲ್ಲಿ ಗೆಂಡೆಯನ್ನೂ ಪೈಕನ್ನೂ ಹೀಗೇ ಕರಿಯುತ್ತಾರೆ. ಜಪಾನಿನ ಕ್ಯೋಟೋದಲ್ಲಿ ಹಾಮೊ ಅನ್ನುವ, ಹಾವಿನಂಥ ಸಮುದ್ರದ ಮೀನಿಗೆ ಮೂರು ಸೆಂಟಿಮೀಟರಿನಲ್ಲಿ 24 ಗೀರು ಹಾಕುವವನೇ ಒಳ್ಳೆಯ ಅಡುಗೆಯವನು ಅನ್ನುತ್ತಾರೆ. ಗೀರು ಅಷ್ಟು ಒತ್ತಾಗಿರುವುದರಿಂದ ಅವರಿಗೆ ಕರಿಯುವ ಅಗತ್ಯವೂ ಇಲ್ಲ, ಬಿಸಿ ನೀರಲ್ಲಿ ಅದ್ದಿ ತೆಗೆದರೆ ಸಾಕು.

ಇನ್ನು ಪೈಕ್‌ನ ಹೆಸರು ದೊಡ್ಡದು ಮಾಡಿದ ದಾರಿ: ಮಾಂಸವನ್ನು ಮುಳ್ಳಿನಿಂದ ಕೆರೆದು ಬೇರೆ ಮಾಡುವುದು. ಫ್ರಾನ್ಸಿನ ಲಿಯೋನ್ ಊರಿನ ಕೆನೆಲ್ ಇದರ ಫಲ. ಹಸಿ ಪೈಕ್ ಮಾಂಸವನ್ನು ಅರೆದು, ಜರಡಿಯಲ್ಲಿ ಉಜ್ಜಿ, ಮೊಟ್ಟೆ, ಕೆನೆ, ಹಾಲು-ಮೈದಾ-ಬೆಣ್ಣೆಯ ಕಣಕ ಸೇರಿಸಿ, ಉದ್ದುಂಡೆ ಕಟ್ಟಿ, ಕುದಿಯದ ಬಿಸಿ ನೀರಲ್ಲಿ ಬೇಯಿಸುತ್ತಾರೆ. ಪೂರ್ವ ಯುರೋಪಿನ ಯಹೂದಿಗಳು ಪೈಕ್, ಗೆಂಡೆ ಎರಡನ್ನೂ ಕೊಚ್ಚಿ ಗೆಫಿಲ್ಟೆ ಫಿಶ್ ಮಾಡುತ್ತಾರೆ. ಶನಿವಾರದ ಸಬ್ಬತ್ ದಿನ ತಿನ್ನುವ ವಸ್ತುವಿನಿಂದ ಬೇಡದ್ದನ್ನು ಆರಿಸಿ ತೆಗೆಯುವುದಕ್ಕೆ ಅವರ ಧರ್ಮದಲ್ಲಿ ತಡೆ ಇದೆ. ಮುಳ್ಳು ಬಿಡಿಸುವುದೂ ಅದರಲ್ಲಿ ಬರುತ್ತದೆ. ಹಿಂದಿನ ದಿನವೇ ಮುಳ್ಳಿಲ್ಲದ ಉಂಡೆ ಮಾಡಿಟ್ಟರೆ ಸಮಸ್ಯೆಯೇ ಇಲ್ಲ. ಬಂಗಾಳದಲ್ಲಿ ಚಿತಲ್ ಮೀನಿನ ಬೆನ್ನನ್ನು ಚಮಚದಲ್ಲಿ ಕೆರೆದು ಮುಯಿಠ್ಯಾ ಅನ್ನುವ ಮೀನಿನ ಉಂಡೆ ಮಾಡುವುದೂ ಇದೇ ಯುಕ್ತಿ.

ನಮ್ಮ ಅಡುಗೆಮನೆಯಲ್ಲಿ ಕಾಟ್ಲಾ ಬೆನ್ನಿನಲ್ಲಿ ಇದನ್ನು ಮಾಡಬಹುದು. ಹಸಿ ತುಂಡನ್ನು ಚರ್ಮ ಕೆಳಗೆ ಮಾಡಿ ಇಟ್ಟು, ಸ್ಟೀಲ್ ಚಮಚದಲ್ಲಿ ಒಂದೇ ದಿಕ್ಕಿಗೆ ಮೆಲ್ಲಗೆ ಕೆರೆಯಿರಿ. ಮಾಂಸ ಚಮಚಕ್ಕೆ ಬರುತ್ತದೆ, ಮುಳ್ಳಿನಲ್ಲಿ ಹೆಚ್ಚಿನವು ಚರ್ಮದ ಕಡೆ ನಿಲ್ಲುತ್ತವೆ. ಕೆರೆದದ್ದನ್ನು ಬೆರಳಲ್ಲಿ ಒಮ್ಮೆ ಹಿಸುಕಿ ನೋಡಿ ಉಳಿದವನ್ನು ತೆಗೆಯಿರಿ. ಉಪ್ಪು ಹಾಕಿ ನಾದಿ. ಉಪ್ಪು ಬಿದ್ದ ಕೂಡಲೇ ಮೀನಿನ ಪ್ರೋಟೀನು ಹೊರಗೆ ಬಂದು ಅಂಟಾಗುತ್ತದೆ, ಉಂಡೆ ಒಡೆಯುವುದಿಲ್ಲ. ಕೈಗೆ ತಣ್ಣೀರು ಹಚ್ಚಿಕೊಳ್ಳಿ, ಮಾಂಸ ಬಿಸಿಯಾದರೆ ಅಂಟು ಬಿಡುತ್ತದೆ. ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ ಉಂಡೆ ಮಾಡಿ, ನಿಮ್ಮ ಮನೆಯ ಕೈಮ ಉಂಡೆ ಸಾರಿನ ಮಸಾಲೆಗೇ ಬಿಡಿ.

ಸಾರಿನ ಮಾತು

ಹಳೇ ಮೈಸೂರು ಕಡೆಯ ಕೆರೆ ಮೀನಿನ ಸಾರು ಪೈಕ್‌ಗೂ ಚೆನ್ನಾಗಿ ಒಗ್ಗುತ್ತದೆ. ಕೊಬ್ಬಿಲ್ಲದ ಮೀನು ಸಾರಿನಲ್ಲಿ ಒಣಗುವ ಭಯ ಕಡಿಮೆ. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚೂರು ಮೆಂತ್ಯ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ ರುಬ್ಬಿ, ಹುಣಸೆಹುಳಿ ಬಿಟ್ಟು, ಹಸಿ ವಾಸನೆ ಹೋಗುವಷ್ಟು ಕುದಿಸಿ. ಮೀನು ಕೊನೆಗೆ. ಹಾಕಿದ ಮೇಲೆ ಸೌಟು ಆಡಿಸಬೇಡಿ, ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಕುಲುಕಿ. ತುಂಡು ಒಡೆದರೆ ನೋಡಲು ಚೆನ್ನಾಗಿರಲ್ಲ ಅನ್ನುವುದು ಒಂದು ಕಾರಣ. ದೊಡ್ಡ ಕಾರಣ ಬೇರೆ. ತುಂಡು ಒಡೆದರೆ ಪದರದ ನಡುವಿನ ಮುಳ್ಳು ಸಾರಿಗೆ ಬೀಳುತ್ತದೆ. ಮೀನಿನೊಳಗಿನ ಮುಳ್ಳಾದರೆ ಹುಡುಕಬಹುದು, ಸಾರಿನಲ್ಲಿ ತೇಲುವ ಮುಳ್ಳನ್ನು ಯಾರು ಹುಡುಕುತ್ತಾರೆ?

ಅದರಲ್ಲೂ ಜೊತೆಗೆ ರಾಗಿಮುದ್ದೆ ಇದ್ದರೆ. ಮುದ್ದೆ ಅಗಿಯುವ ಊಟವಲ್ಲ, ನುಂಗುವ ಊಟ. ಮೀನು ಬಿಡಿಸಿ ಅಗಿಯುವ ಊಟ. ಎರಡನ್ನೂ ಒಂದೇ ತುತ್ತಿಗೆ ಸೇರಿಸಬಾರದು. ಹಳಬರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆ, ಮೀನನ್ನು ತಟ್ಟೆಯ ಅಂಚಿನಲ್ಲಿ ಇಟ್ಟುಕೊಂಡು ಬೇರೆಯಾಗಿ ತಿನ್ನುತ್ತಾರೆ. ಬೆನ್ನಿನ ತುಂಡನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಪದರ ಜಾರುತ್ತದೆ, ನಡುವೆ ಕವಲು ಮುಳ್ಳು ಕಾಣುತ್ತದೆ. ಅದನ್ನು ತೆಗೆದಿಟ್ಟು ಪದರ ಬಾಯಿಗೆ. ಈ ಕೆಲಸಕ್ಕೆ ಫೋರ್ಕಿಗಿಂತ ಬೆರಳು ಎಷ್ಟೋ ಮೇಲು.

ಕೆರೆ ಮೀನಿನ ಮೇಲೆ ಇನ್ನೊಂದು ದೂರು ಮಣ್ಣಿನ ವಾಸನೆ. ಪೈಕ್ ಮೇಲೂ ಇದೇ ದೂರಿದೆ. ನೀರಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಅನ್ನುವ ವಸ್ತು ಮಾಡುತ್ತವೆ, ಅದು ಮೀನಿನ ಚರ್ಮ, ಕೊಬ್ಬಿನಲ್ಲಿ ಸೇರುತ್ತದೆ. ಮೊದಲ ಮಳೆಗೆ ನೆಲದಿಂದ ಬರುವ ಘಮದಲ್ಲೂ ಇರುವುದು ಇದೇ. ಮನುಷ್ಯರ ಮೂಗು ಇದನ್ನು ತೀರಾ ಸಣ್ಣ ಪ್ರಮಾಣದಲ್ಲೂ ಹಿಡಿಯುತ್ತದೆ. ಹುಳಿ ತಗುಲಿದರೆ ಜಿಯೋಸ್ಮಿನ್ ವಾಸನೆಯಿಲ್ಲದ ರೂಪಕ್ಕೆ ತಿರುಗುತ್ತದೆ. ಮುಳ್ಳಿನ ಮುಂದೆ ಸೋತ ಹುಣಸೆ ಇಲ್ಲಿ ಗೆಲ್ಲುತ್ತದೆ ನೋಡಿ. ಮೀನಿಗೆ ಉಪ್ಪು, ಅರಿಶಿನ, ಹುಣಸೆ ಉಜ್ಜಿ ಹತ್ತು-ಹದಿನೈದು ನಿಮಿಷ ಬಿಟ್ಟು ತೊಳೆಯುವ ನಮ್ಮ ಪದ್ಧತಿಗೆ ಅರ್ಥ ಇದೆ. ಪೈಕ್ ಮೈಮೇಲೆ ಲೋಳೆ ಜಾಸ್ತಿ. ಹಳ್ಳಿಯಲ್ಲಿ ಕೊರಮೀನಿಗೆ ಒಲೆಯ ಬೂದಿ ಹಾಕಿ ಉಜ್ಜುತ್ತಾರೆ. ಬೂದಿ ಇಲ್ಲದ ಊರಲ್ಲಿ ಕಲ್ಲುಪ್ಪು ಸಾಕು.

ತಿನ್ನುವ ಮೊದಲು ಎರಡು ಎಚ್ಚರಿಕೆ. ಪೈಕ್‌ನಲ್ಲಿ ಒಂದು ಬಗೆಯ ಲಾಡಿಹುಳದ ಮರಿ ಇರಬಹುದು. ಹಸಿ ಅಥವಾ ಅರೆಬೆಂದ ಮೀನು ತಿಂದರೆ ಅದು ನಮ್ಮ ಕರುಳಲ್ಲಿ ಮೀಟರುಗಟ್ಟಲೆ ಬೆಳೆಯುತ್ತದೆ. ಹಿಂದೆ ಗೆಫಿಲ್ಟೆ ಫಿಶ್ ಮಾಡುತ್ತಾ ಉಪ್ಪು ನೋಡಲು ಹಸಿ ಕಣಕ ನಾಲಿಗೆಗೆ ಇಟ್ಟ ಹೆಂಗಸರಿಗೆ ಇದು ಅಂಟುತ್ತಿತ್ತು. ಚೆನ್ನಾಗಿ ಬೇಯಿಸಿದರೆ, ಅಂದರೆ ತುಂಡಿನ ನಡುಭಾಗ 63 ಡಿಗ್ರಿ ಮುಟ್ಟಿದರೆ, ಭಯವಿಲ್ಲ. ಕುದಿಯುವ ಸಾರಿನಲ್ಲಿ ಇದು ಸಲೀಸು. ಬೇಯಿಸದೆ ಉಪ್ಪಿನಕಾಯಿ ಹಾಕುವುದಾದರೆ ಮೊದಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಹೆಪ್ಪುಗಟ್ಟಿಸಬೇಕು.

ಎರಡನೆಯದು ಪಾದರಸ. ಪೈಕ್ ಬೇರೆ ಮೀನು ತಿಂದು ಬದುಕುವ ಮೀನು. ಸಣ್ಣ ಮೀನಿನ ಮೈಯ ಪಾದರಸವೆಲ್ಲ ಇದರ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಪೈಕ್ ತಿನ್ನಬಾರದು, ಮಕ್ಕಳಿಗೆ ತಿಂಗಳಿಗೆ ಒಂದೆರಡು ಸಲಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ ಫಿನ್ಲೆಂಡಿನ ಆಹಾರ ಪ್ರಾಧಿಕಾರ. ಬೇಯಿಸಿದರೆ ಪಾದರಸ ಹೋಗುವುದಿಲ್ಲ. ಕಾಟ್ಲಾ, ರೋಹು ಬೇಟೆಯಾಡುವ ಮೀನುಗಳಲ್ಲ, ಪಾದರಸ ಹೀಗೆ ಕೂಡುವುದು ಅವುಗಳಲ್ಲಿ ಕಡಿಮೆ. ಆದರೆ ಅವು ಬೆಳೆದ ನೀರು ಯಾವುದು ಅನ್ನುವುದು ಮುಖ್ಯ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿದೆಯಲ್ಲ? ಚರಂಡಿ ನೀರು ಸೇರುವ ಕೆರೆಯ ದಂಡೆಯಲ್ಲಿ ಅಗ್ಗಕ್ಕೆ ಮಾರುವ ಮೀನು ಎಷ್ಟೇ ತಾಜಾ ಇದ್ದರೂ ನಾನಂತೂ ತರುವುದಿಲ್ಲ.

ಮುಳ್ಳೇ ಇಲ್ಲದ ಗೆಂಡೆ ಬರಬಹುದೇ? ಚೀನಾದ ವಿಜ್ಞಾನಿಗಳು ಕ್ರೂಷಿಯನ್ ಕಾರ್ಪ್ ಅನ್ನುವ ಗೆಂಡೆಯಲ್ಲಿ ಬಿಎಂಪಿ6 ಎಂಬ ಜೀನನ್ನು ಕೆಡಿಸಿ, ಈ ಮುಳ್ಳಿಲ್ಲದ ಮೀನು ಪಡೆದಿದ್ದಾರೆ. ನಡುಮುಳ್ಳು, ಪಕ್ಕೆಮುಳ್ಳು ಮಾಮೂಲಿನಂತೆ ಇವೆ, ಕವಲು ಮುಳ್ಳು ಮಾತ್ರ ಮಾಯ. ಬ್ರೆಜಿಲ್‌ನಲ್ಲಿ ತಾಂಬಾಕಿ ಅನ್ನುವ ಸಾಕುಮೀನಿನಲ್ಲಿ ಯಾರೂ ಕೈಹಾಕದೆಯೇ ಹಾಗೆ ಹುಟ್ಟಿದ ಮೀನುಗಳು ಸಿಕ್ಕಿವೆ. ನಮ್ಮ ಮಾರ್ಕೆಟ್ಟಿಗೆ ಅಂಥದ್ದು ಬರುವವರೆಗೆ ಬೆರಳೇ ಗತಿ.

ಇಷ್ಟೆಲ್ಲ ಮಾಡಿಯೂ ಮುಳ್ಳು ಗಂಟಲಿಗೆ ಸಿಕ್ಕಿತು ಅನ್ನಿ. ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ, ಅನ್ನದ ಉಂಡೆ ನುಂಗು, ಬಾಳೆಹಣ್ಣು ನುಂಗು. ವೈದ್ಯರು ಬೇಡ ಅನ್ನುತ್ತಾರೆ. ಮೇಲೆ, ಟಾನ್ಸಿಲ್ ಹತ್ತಿರ ಚುಚ್ಚಿಕೊಂಡ ಮುಳ್ಳು ಉಂಡೆಯ ಒತ್ತಡಕ್ಕೆ ಇನ್ನೂ ಆಳಕ್ಕೆ ಇಳಿಯಬಹುದು. ವಿನೆಗರ್ ಕುಡಿದರೆ ಕರಗುತ್ತೆ ಅನ್ನುವುದೂ ಸುಳ್ಳು. ಉಪ್ಪಿನಕಾಯಿಯಲ್ಲಿ ದಿನಗಟ್ಟಲೆ ಬೇಕಾಗುವ ಕೆಲಸ ಒಂದು ಗುಟುಕಿನಲ್ಲಿ ಆಗುವುದಿಲ್ಲ, ಗಂಟಲು ಉರಿಯುತ್ತದೆ ಅಷ್ಟೇ. ಊಟ ನಿಲ್ಲಿಸಿ, ಮೆಲ್ಲಗೆ ಕೆಮ್ಮಿ ನೋಡಿ. ಬೆರಳು ಹಾಕಿ ಕೆದಕಬೇಡಿ. ನುಂಗುವಾಗ ಒಂದೇ ಜಾಗದಲ್ಲಿ ಚುಚ್ಚುತ್ತಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಹೋಗಿ. ಬೆಳಕು ಬಿಟ್ಟು ಚಿಮಟದಲ್ಲಿ ತೆಗೆಯುವ ಸಣ್ಣ ಕೆಲಸವೇ ಆಗಿರಬಹುದು. ಎಂಜಲು ನುಂಗಲೂ ಆಗದಿದ್ದರೆ, ಉಸಿರು ಕಟ್ಟಿದರೆ, ರಕ್ತ ಬಂದರೆ, ಎದೆನೋವೋ ಜ್ವರವೋ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.